ಗೌಜಲಕ್ಕಿ: ಮೊಟ್ಟೆಗೆ ಕಾವು ಕೊಡುವುದರಿಂದ ಹಿಡಿದು ಮರಿ ಮೊಟ್ಟೆಗೆ ಬರುವವರೆಗೆ

ಫಾರಂ ಗೌಜಲಕ್ಕಿ ಹೆಚ್ಚುಕಮ್ಮಿ ದಿನಾ ಮೊಟ್ಟೆ ಇಡುತ್ತದೆ. ಕಾವಿಗೆ ಮಾತ್ರ ಕೂರುವುದಿಲ್ಲ. ಮೊಟ್ಟೆ ಇಟ್ಟ ಜಾಗದಿಂದ ಎದ್ದು ಹೋದರೆ ಮತ್ತೆ ಅತ್ತ ನೋಡುವುದಿಲ್ಲ. ಜಾಸ್ತಿ ಮೊಟ್ಟೆ ಇಡುವ ಹಕ್ಕಿಯನ್ನೇ ಆರಿಸಿ ಆರಿಸಿ ಸಾಕುತ್ತಾ ಬಂದಿದ್ದರಿಂದ ಅದರ ಕಾವಿನ ಬುದ್ಧಿ ಹೋಗಿದೆ. ಹಾಗಾಗಿ ಮರಿ ಬೇಕು ಅಂದರೆ ತಾಯಿಯ ಕೆಲಸವೆಲ್ಲ ನಮ್ಮ ಪಾಲಿಗೆ ಬರುತ್ತದೆ. ಬಿಸಿ ಕೊಡುವುದು, ಮೊಟ್ಟೆ ಹೊರಳಿಸುವುದು, ಮರಿ ಬಂದ ಮೇಲೆ ಬೆಚ್ಚಗೆ ಇಡುವುದು, ನೀರು ಕುಡಿಯಲು ಕಲಿಸುವುದು, ಎಲ್ಲ. ಗುಬ್ಬಿ ತಾಲ್ಲೂಕಿನ ನಮ್ಮ ತೆಂಗಿನ ತೋಟದ ಮನೆಯಲ್ಲಿ ಹಳೆಯ ಕೊಟ್ಟಿಗೆಯ ಒಂದು ಮೂಲೆಯನ್ನು ಇದಕ್ಕೆ ಬಿಟ್ಟಿದ್ದೇನೆ. ಅಲ್ಲಿ ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ನಾನು ಹೇಳುತ್ತಿರುವುದು ಫಾರಂಗಳಲ್ಲಿ ಸಾಕುವ ಜಪಾನೀ ಕ್ವೈಲ್ ಬಗ್ಗೆ. ಇದು 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ನಮ್ಮ ದೇಶಕ್ಕೆ ಬಂದ ಹಕ್ಕಿ. ಆಮೇಲೆ ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಇದರ ತಳಿಗಳನ್ನು ಬೆಳೆಸಿತು. ನಮ್ಮ ಹೊಲದ ಬೇಲಿಸಾಲಲ್ಲಿ ಬೆಳಗ್ಗೆ ಬೆಳಗ್ಗೆ ಜೋರಾಗಿ ಕೂಗುವ ಗೌಜುಗ ಬೇರೆ, ಅದು ಕಾಡುಹಕ್ಕಿ. ರಾಗಿ ಕೊಯ್ಯುವಾಗ, ಪೊದೆ ಸವರುವಾಗ ಅದರ ಮೊಟ್ಟೆ ಕಂಡರೆ ಮುಟ್ಟಬೇಡಿ. ಆ ಪೊದೆಯೊಂದನ್ನು ಹಾಗೇ ಬಿಟ್ಟು ಮುಂದೆ ಹೋಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದೂ ಅಪರಾಧ, ಮೊಟ್ಟೆ ತರುವುದೂ ಅಪರಾಧ. ಕಾಯ್ದೆ ಇರಲಿ, ಅದಕ್ಕೆ ತನ್ನ ಮೊಟ್ಟೆ ನೋಡಿಕೊಳ್ಳುವುದು ಚೆನ್ನಾಗಿ ಗೊತ್ತು. ನಮ್ಮ ಸಹಾಯ ಬೇಕಿಲ್ಲ.

ಮೊಟ್ಟೆ ಆರಿಸುವುದು

ಅಂಗಡಿಯಲ್ಲಿ ಡಬ್ಬಿಯಲ್ಲಿ ಮಾರುವ ಗೌಜಲಕ್ಕಿ ಮೊಟ್ಟೆ ತಂದು ಕಾವಿಗಿಟ್ಟರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಅದನ್ನು ನಂಬಬೇಡಿ. ತಿನ್ನುವ ಮೊಟ್ಟೆಗಾಗಿ ಸಾಕುವ ಕಡೆ ಸಾಮಾನ್ಯವಾಗಿ ಗಂಡುಗಳನ್ನು ಜೊತೆಗೆ ಬಿಡುವುದಿಲ್ಲ. ಬಿಟ್ಟಿದ್ದರೂ ಆ ಮೊಟ್ಟೆ ಎಷ್ಟು ದಿನದ್ದು, ಎಂಥ ಬಿಸಿಲಲ್ಲಿ ಬಂದದ್ದು ಗೊತ್ತಿರುವುದಿಲ್ಲ. ಮರಿಗಾಗಿಯೇ ಜೋಡಿ ಕಟ್ಟಿರುವ ಫಾರಂ ಹುಡುಕಿ. ಎರಡು ಮೂರು ಹೆಣ್ಣಿಗೆ ಒಂದು ಗಂಡು ಇರಬೇಕು. ತಾಯಿಹಕ್ಕಿಗೆ ಕನಿಷ್ಠ 10 ವಾರ ತುಂಬಿರಬೇಕು. ತೀರಾ ಎಳೆಯ ಹೆಣ್ಣಿನ ಮೊಟ್ಟೆ ಸಣ್ಣದು, ಮರಿಯೂ ಬಡಕಲು. ವಯಸ್ಸಾದ ಹಕ್ಕಿಯ ಮೊಟ್ಟೆಯಲ್ಲಿ ಮರಿ ಕಟ್ಟುವುದು ಕಮ್ಮಿ.

ಒಳ್ಳೆಯ ಮೊಟ್ಟೆ 10ರಿಂದ 12 ಗ್ರಾಂ ತೂಗುತ್ತದೆ. ತೀರಾ ಉದ್ದ, ತೀರಾ ದುಂಡು, ಸುಣ್ಣ ಮೆತ್ತಿದಂತೆ ಒರಟಾಗಿರುವುದು, ಕೂದಲೆಳೆಯಷ್ಟು ಬಿರುಕು ಬಿಟ್ಟಿರುವುದು, ಇವನ್ನೆಲ್ಲ ಅಡಿಗೆಮನೆಗೆ ಕಳಿಸಿ. ಚುಕ್ಕೆ ಹೇಗಿದ್ದರೂ ಪರವಾಗಿಲ್ಲ. ಒಂದೊಂದು ಹೆಣ್ಣು ತನ್ನದೇ ಒಂದು ಚಿತ್ತಾರ ಹಾಕುತ್ತದೆ, ಪ್ರತಿ ಮೊಟ್ಟೆಯ ಮೇಲೂ ಸುಮಾರಾಗಿ ಅದೇ ಚಿತ್ತಾರ. ಸ್ವಲ್ಪ ದಿನ ಗಮನಿಸಿದರೆ ಯಾವ ಮೊಟ್ಟೆ ಯಾವ ಹಕ್ಕಿಯದು ಅಂತ ನೋಡಿದ ಕೂಡಲೇ ಹೇಳಬಹುದು. ನನಗೆ ಇವತ್ತಿಗೂ ಇದು ತುಂಬ ಖುಷಿ ಕೊಡುವ ಕೆಲಸ.

ಮೊಟ್ಟೆ ತೊಳೆಯಬೇಡಿ. ಸಿಪ್ಪೆಯ ಮೇಲಿನ ತೆಳು ಪೊರೆ ರೋಗಾಣು ಒಳಗೆ ಹೋಗದಂತೆ ತಡೆಯುತ್ತದೆ, ತೊಳೆದರೆ ಅದು ಹೋಗುತ್ತದೆ. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ಕಾವಿಗೆ ಇಡಲೇಬೇಡಿ. ಕೂಡಿಡುವುದಾದರೆ ಒಂದು ವಾರ ಸಾಕು, ಆಮೇಲೆ ದಿನ ಕಳೆದಂತೆ ಮರಿಯಾಗುವ ಪ್ರಮಾಣ ಇಳಿಯುತ್ತದೆ. ಚೂಪು ತುದಿ ಕೆಳಗೆ ಮಾಡಿ, ತಂಪಾದ ಕಡೆ ಇಡಿ. ಫ್ರಿಜ್ ಬೇಡ, ಅದು ಅತಿ ತಣ್ಣಗೆ. ನಮ್ಮತ್ತೆ ನಾಟಿಕೋಳಿ ಮೊಟ್ಟೆ ಇಡುತ್ತಿದ್ದ ಹಾಗೆ ಒದ್ದೆ ಮರಳಿನ ಮೇಲೆ ಮಡಕೆ ಕೂರಿಸಿ, ಒಳಗೆ ಹೊಟ್ಟು ಹಾಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಇಟ್ಟರೆ ಬೇಸಿಗೆಯಲ್ಲೂ ಚೆನ್ನಾಗಿ ಉಳಿಯುತ್ತದೆ. ಬಸ್ಸಲ್ಲಿ ಕುಲುಕಿಸಿಕೊಂಡು ತಂದ ಮೊಟ್ಟೆಯನ್ನು ಅವತ್ತೇ ಕಾವಿಗೆ ಇಡಬೇಡಿ. ಒಂದು ರಾತ್ರಿ ಅಲುಗಾಡಿಸದೆ ಬಿಡಿ. ಒಳಗಿನ ಗಾಳಿಗುಳ್ಳೆ ತನ್ನ ಜಾಗಕ್ಕೆ ಬಂದು ನಿಲ್ಲಬೇಕು.

ನಾಟಿಕೋಳಿಯ ಕೆಳಗೇ ಇಡಬಹುದಲ್ಲ ಅಂತ ಅತ್ತೆಯೂ ಕೇಳಿದ್ದರು. ಹಗುರವಾದ, ಸಮಾಧಾನದ ಹೇಟೆ ಇದ್ದರೆ ಆಗುತ್ತದೆ. ದಪ್ಪ ಕೋಳಿ ಕಾಲಿಟ್ಟರೆ ಈ ತೆಳು ಸಿಪ್ಪೆ ಒಡೆಯುತ್ತದೆ. ಮರಿ ಬಂದ ಮೇಲೂ ಅವು ಕೋಳಿಯ ಕಾಲಿಗೆ ಸಿಕ್ಕುತ್ತವೆ. ಕೋಳಿಯ ಕಾಯಿಲೆ ಗೌಜಲಕ್ಕಿಗೆ ದಾಟುವ ಭಯವೂ ಇದೆ. ಹಾಗಾಗಿ ನನ್ನ ಮತ ಪೆಟ್ಟಿಗೆಗೇ.

ಕಾವಿನ ಪೆಟ್ಟಿಗೆ

ಕೊಂಡ ಇನ್‌ಕ್ಯುಬೇಟರ್ ಆಗಲಿ, ಥರ್ಮೋಕೋಲ್ ಡಬ್ಬಿಗೆ ಬಲ್ಬು, ಸಣ್ಣ ಫ್ಯಾನು, ಬಿಸಿ ಹೆಚ್ಚಾದರೆ ಬಲ್ಬು ಆರಿಸಿ ಕಮ್ಮಿಯಾದರೆ ಹಚ್ಚುವ ಡಿಜಿಟಲ್ ಥರ್ಮೋಸ್ಟಾಟ್ ಹಾಕಿ ಮನೆಯಲ್ಲೇ ಮಾಡಿದ್ದಾಗಲಿ, ಬೇಕಾಗಿರುವುದು ಒಂದೇ: ಮೊಟ್ಟೆ ಇರುವ ಎತ್ತರದಲ್ಲಿ 37.5 ಡಿಗ್ರಿ ಸೆಲ್ಸಿಯಸ್, ಹಗಲೂ ರಾತ್ರಿ. ಫ್ಯಾನ್ ಇಲ್ಲದ ಪೆಟ್ಟಿಗೆಯಾದರೆ ಮೊಟ್ಟೆಯ ಮೇಲ್ಭಾಗದಲ್ಲಿ 38.5ರ ಆಸುಪಾಸು ಇರಬೇಕು, ಯಾಕೆಂದರೆ ಅಲ್ಲಿ ಬಿಸಿಗಾಳಿ ಮೇಲೆ ನಿಲ್ಲುತ್ತದೆ, ತಳ ತಣ್ಣಗಿರುತ್ತದೆ. ಸಾಧ್ಯವಾದರೆ ಫ್ಯಾನ್ ಹಾಕಿಸಿ. ಬಲ್ಬು ಎರಡು ಇರಲಿ, ನಡುರಾತ್ರಿ ಒಂದು ಸುಟ್ಟುಹೋದರೆ ಇನ್ನೊಂದು ಕಾಪಾಡುತ್ತದೆ.

ಅಗ್ಗದ ಮೀಟರುಗಳು ಒಂದು ಡಿಗ್ರಿ ಆಚೀಚೆ ತೋರಿಸುವುದು ಮಾಮೂಲು. ಇಲ್ಲಿ ಒಂದು ಡಿಗ್ರಿ ಅಂದರೆ ಮರಿಗಳ ಜೀವ. ಅದಕ್ಕೆ ಒಂದು ಲೋಟ ಬೆಚ್ಚನೆಯ ನೀರು ತಗೊಳ್ಳಿ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಪೆಟ್ಟಿಗೆಯ ಸೆನ್ಸರನ್ನೂ ಒಟ್ಟಿಗೆ ಅದರಲ್ಲಿ ಅದ್ದಿ. ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆಯೋ ಅಷ್ಟು ಸರಿಮಾಡಿಕೊಳ್ಳಿ. ಪೆಟ್ಟಿಗೆಯೊಳಗಿನ ಗಾಳಿಯ ತೇವ ತೋರಿಸುವ ಮೀಟರಿನ ಪರೀಕ್ಷೆಗೆ ಉಪ್ಪು ಸಾಕು. ಒಂದು ಮುಚ್ಚಳದಷ್ಟು ಅಡಿಗೆ ಉಪ್ಪನ್ನು ಒದ್ದೆ ಮರಳಿನಂತಾಗುವಷ್ಟು ನೀರಲ್ಲಿ ಕಲಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬದಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಗ್ಗೆ ಅದು 75 ಪರ್ಸೆಂಟ್ ತೋರಿಸಬೇಕು.

ಖಾಲಿ ಪೆಟ್ಟಿಗೆಯನ್ನು ಒಂದು ಪೂರ್ತಿ ದಿನ ಓಡಿಸಿ, ಉಷ್ಣ ಏರಿಳಿಯದೆ ಒಂದೇ ಸಮನೆ ನಿಂತ ಮೇಲೆ ಮೊಟ್ಟೆ ಇಡಿ. ಮೊದಲ 14 ದಿನ ತೇವ 50ರಿಂದ 55 ಪರ್ಸೆಂಟ್ ಇರಲಿ. ತೇವ ಹೆಚ್ಚಿಸಲು ನೀರಿನ ಆಳ ಹೆಚ್ಚಿಸಿ ಪ್ರಯೋಜನವಿಲ್ಲ, ಅಗಲ ಹೆಚ್ಚಿಸಬೇಕು. ಸಣ್ಣ ಬಟ್ಟಲಿನ ಬದಲು ಅಗಲ ತಟ್ಟೆ ಇಡಿ, ಇಲ್ಲವೇ ನೀರಲ್ಲಿ ಸ್ಪಂಜಿನ ತುಂಡು ನಿಲ್ಲಿಸಿ. ಗಾಳಿಯ ತೂತು ಮುಚ್ಚಬೇಡಿ, ಒಳಗಿರುವ ಮರಿ ಸಿಪ್ಪೆಯ ಮೂಲಕ ಉಸಿರಾಡುತ್ತದೆ.

ಮೊಟ್ಟೆ ಹೊರಳಿಸುವುದನ್ನು ಮರೆತರೆ ಮರಿ ಸಿಪ್ಪೆಯ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಪೆನ್ಸಿಲಲ್ಲಿ ಒಂದು ಕಡೆ ಗುಣಾಕಾರದ ಗುರುತು, ಇನ್ನೊಂದು ಕಡೆ ಸೊನ್ನೆ ಹಾಕಿ. ದಿನಕ್ಕೆ 3 ಅಥವಾ 5 ಸಲ ಹೊರಳಿಸಿ. ಬೆಸ ಸಂಖ್ಯೆ ಯಾಕೆ ಅಂದರೆ ರಾತ್ರಿಯ ದೊಡ್ಡ ಅವಧಿಯಲ್ಲಿ ಮೊಟ್ಟೆ ಎರಡು ರಾತ್ರಿ ಒಂದೇ ಮಗ್ಗುಲಲ್ಲಿ ಮಲಗಬಾರದು. ಕೈ ತೊಳೆದುಕೊಂಡೇ ಮುಟ್ಟಿ.

ಕರೆಂಟು. ಹಳ್ಳಿಯಲ್ಲಿ ಈ ಕೆಲಸದ ಅರ್ಧ ಚಿಂತೆ ಇದೇ. ಇನ್ವರ್ಟರ್ ಇದ್ದರೆ ಅದಕ್ಕೇ ಕೊಡಿ. ಇಲ್ಲದಿದ್ದರೆ ಭಯ ಬೀಳಬೇಡಿ. ಒಂದೆರಡು ತಾಸು ಸ್ವಲ್ಪ ತಣ್ಣಗಾದರೆ ಮೊಟ್ಟೆ ತಡೆದುಕೊಳ್ಳುತ್ತದೆ, ತಾಯಿಹಕ್ಕಿಯೂ ಮೇಯಲು ಎದ್ದುಹೋಗುತ್ತದೆ ಅಲ್ವಾ. ಕಂಬಳಿ ಹೊದಿಸಿ, ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿಡಿ. ಮುಚ್ಚಳ ತೆಗೆದು ತೆಗೆದು ನೋಡಬೇಡಿ. ಕೊನೆಯ ದಿನಗಳಲ್ಲಿ ಕಂಬಳಿ ಹೊದಿಸುವಾಗ ಗಾಳಿಯ ತೂತಿನ ಕಡೆ ಬಿಟ್ಟು ಹೊದಿಸಿ, ಆಗ ಒಳಗಿರುವುದು ಪೂರ್ತಿ ಬೆಳೆದ ಮರಿಗಳು, ಗಾಳಿ ಜಾಸ್ತಿ ಬೇಕು. ತಣ್ಣಗಾಗುವುದಕ್ಕಿಂತ ಜಾಸ್ತಿ ಬಿಸಿಯಾಗುವುದು ದೊಡ್ಡ ಅಪಾಯ. ಉಷ್ಣ 40 ದಾಟಿ ನಿಂತರೆ ಬಹಳ ಬೇಗ ಎಲ್ಲ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಕೋಣೆಯಲ್ಲಿ ಬಲ್ಬು ಆರಿದ್ದರೂ ಪೆಟ್ಟಿಗೆ ಕಾಯುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ಮನೆಯ ಅತಿ ತಂಪು ಕೋಣೆಯಲ್ಲಿ, ಬಿಸಿಲು ಬೀಳದ ಗೋಡೆಗೆ ಇಡಿ.

8ನೇ, 9ನೇ ದಿನದ ಹೊತ್ತಿಗೆ ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡಬಹುದು. ಪೂರ್ತಿ ಹಳದಿಯಾಗಿ ಬೆಳಗಿದರೆ ಮರಿ ಕಟ್ಟಿಲ್ಲ. ಕಪ್ಪಾಗಿ ಕಂಡು ಮೇಲೆ ಒಂದು ಗಾಳಿಯ ಟೊಪ್ಪಿ ಕಂಡರೆ ಸರಿಯಾಗಿದೆ. ದಟ್ಟ ಚುಕ್ಕೆಯ ಮೊಟ್ಟೆಯಲ್ಲಿ ಗೊತ್ತಾಗುವುದು ಕಷ್ಟ. ಅನುಮಾನ ಬಂದರೆ ವಾಪಸ್ ಇಡಿ.

ಮರಿ ಒಡೆಯುವ ದಿನಗಳು

14ನೇ ದಿನ ಮುಗಿದ ಮೇಲೆ ಹೊರಳಿಸುವುದನ್ನು ನಿಲ್ಲಿಸಿ. ಮೊಟ್ಟೆಗಳನ್ನು ಅಡ್ಡ ಮಲಗಿಸಿ, ತಳಕ್ಕೆ ಒರಟು ಬಟ್ಟೆಯನ್ನೋ ಜಾಲರಿ ಮ್ಯಾಟನ್ನೋ ಹಾಸಿ, ತೇವವನ್ನು 65ರಿಂದ 70ಕ್ಕೆ ಏರಿಸಿ. ಮೊಟ್ಟೆಗಳು ಒಂದಕ್ಕೊಂದು ತಾಗಿಕೊಂಡಿರಲಿ. ಇದು ಸುಮ್ನೆ ಹೇಳುತ್ತಿರುವುದಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಮಾರ್ಗರೆಟ್ ವಿನ್ಸ್ ಎಂಬ ವಿಜ್ಞಾನಿ ಕ್ವೈಲ್ ಮೊಟ್ಟೆಗಳ ಮೇಲೆ ಕೆಲಸ ಮಾಡಿ ತೋರಿಸಿದ ವಿಷಯ ಇದು. ಸಿಪ್ಪೆಯೊಳಗಿನ ಮರಿಗಳು ಟಿಕ್ ಟಿಕ್ ಅಂತ ಸದ್ದು ಮಾಡುತ್ತವೆ. ಪಕ್ಕದ ಮೊಟ್ಟೆಗೆ ಅದು ತಲುಪುತ್ತದೆ. ಹಿಂದಿರುವ ಮರಿ ಬೇಗ ಬೇಗ ತಯಾರಾಗುತ್ತದೆ, ಎಲ್ಲ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹೊರಬರುತ್ತವೆ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗೆ ಇದು ಬದುಕಿನ ಪ್ರಶ್ನೆ, ಏಕೆಂದರೆ ಮರಿಗಳು ಒಣಗಿದ ಕೂಡಲೇ ತಾಯಿ ಎಲ್ಲವನ್ನೂ ಕರೆದುಕೊಂಡು ಹೊರಡಬೇಕು. 16ನೇ ದಿನ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿ.

16ರಿಂದ 18ನೇ ದಿನದೊಳಗೆ ಮರಿ ಬರುತ್ತವೆ. ಮೊದಲು ಒಂದು ಸಣ್ಣ ಬಿರುಕು. ಆಮೇಲೆ ಗಂಟೆಗಟ್ಟಲೆ ಏನೂ ಆಗುವುದಿಲ್ಲ, ಮರಿ ಸುಧಾರಿಸಿಕೊಳ್ಳುತ್ತಿರುತ್ತದೆ, ಸಿಪ್ಪೆಯ ರಕ್ತನಾಳಗಳಿಂದ ರಕ್ತ ಒಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಆಗ ಸಿಪ್ಪೆ ಬಿಡಿಸಲು ಹೋದರೆ ರಕ್ತ ಸುರಿದು ಸಾಯುತ್ತದೆ. ಮುಚ್ಚಳ ತೆಗೆದರೆ ತೇವ ಇಳಿದು ಒಳಪೊರೆ ಒಣಗಿ ಮರಿಯನ್ನು ಬಿಗಿಯುತ್ತದೆ. ಮನೆಯ ಮಕ್ಕಳಿಗೂ ಇದನ್ನು ಮೊದಲೇ ಹೇಳಿಡಿ, ಅವರಿಗೆ ತಡೆಯಲಾಗುವುದಿಲ್ಲ. ಪೂರ್ತಿ ಒಣಗಿ ಉಬ್ಬಿದ ಮೇಲೆ ಮರಿಯನ್ನು ತೆಗೆದರೆ ಸಾಕು. ಹೊಟ್ಟೆಯೊಳಗೆ ಹಳದಿ ಲೋಳೆ ಉಳಿದಿರುವುದರಿಂದ ಅಷ್ಟು ಹೊತ್ತು ಹಸಿವಾಗುವುದಿಲ್ಲ. ಮರಿ ಕಟ್ಟಿದ ಮೊಟ್ಟೆಗಳಲ್ಲಿ ನೂರಕ್ಕೆ 70, 80 ಒಡೆದರೆ ಅದು ಒಳ್ಳೆಯ ಫಲವೇ.

ಮೊದಲ ವಾರ

ಒಂದು ಮರಿ 7, 8 ಗ್ರಾಂ. ಹೆಬ್ಬೆರಳಿನ ತುದಿಯಷ್ಟು. ಈ ಜೀವ ಉಳಿಯುವುದೂ ಹೋಗುವುದೂ ಮೊದಲ ವಾರದಲ್ಲೇ. ನಾನು ಆ ವಾರ ಊರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಮದುವೆಯಿದ್ದರೂ ಮನೆಯವರನ್ನು ಕಳಿಸುತ್ತೇನೆ.

100 ಮರಿಗೆ 3 ಅಡಿ ಉದ್ದ, 3 ಅಡಿ ಅಗಲದ ಜಾಗ ಮೊದಲ ವಾರಕ್ಕೆ ಸಾಕು. ರಟ್ಟಿನ ಗೋಡೆಯನ್ನು ದುಂಡಗೆ ಕಟ್ಟಿ. ಮೂಲೆ ಇದ್ದರೆ ಚಳಿಗೆ ಅಲ್ಲಿ ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಬಲ್ಬಿನ ಕೆಳಗೆ 36 ಡಿಗ್ರಿ ಇರಲಿ, ರಟ್ಟಿನ ಅಂಚಿಗೆ ಹೋದಂತೆ ತಂಪಾಗಲಿ. ತನಗೆ ಎಷ್ಟು ಬೇಕೋ ಮರಿಯೇ ಆರಿಸಿಕೊಳ್ಳುತ್ತದೆ. ಮರಿಗಳು ಬಲ್ಬಿನ ಕೆಳಗೆ ಗುಂಪಾಗಿ ಕಿರುಚುತ್ತಿದ್ದರೆ ಚಳಿ. ಅಂಚಿಗೆ ಹೋಗಿ ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಖೆ. ಎಲ್ಲ ಕಡೆ ಚೆದುರಿ, ಕೆಲವು ಮೇಯುತ್ತಾ ಕೆಲವು ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ. ಮೀಟರಿಗಿಂತ ಇದನ್ನೇ ನೋಡಿ.

ನೆಲಕ್ಕೆ ನುಣುಪು ಪೇಪರ್ ಹಾಸಬೇಡಿ. ಕಾಲು ಜಾರಿ ಎರಡು ಕಡೆಗೆ ಹರಿದುಕೊಂಡರೆ ಆ ಮರಿ ಮತ್ತೆ ನಿಲ್ಲುವುದು ಕಷ್ಟ. ತೊಳೆದು ಒಣಗಿಸಿದ ಗೋಣಿತಾಟು ಬಹಳ ಒಳ್ಳೆಯದು. ಕಾಲಿಗೆ ಹಿಡಿತ ಸಿಗುವುದು ಈ ಹಕ್ಕಿಗೆ ಎಷ್ಟು ಮುಖ್ಯ ಎಂದರೆ, 1990ರಲ್ಲಿ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಇದೇ ಜಪಾನೀ ಕ್ವೈಲ್ ಮರಿಗಳು ಮೊಟ್ಟೆಯೊಡೆದು ಬಂದವು, ಬಾಹ್ಯಾಕಾಶದಲ್ಲಿ ಹುಟ್ಟಿದ ಮೊದಲ ಹಕ್ಕಿಗಳು ಅವು. ಕಾವು ಕೊಡುವುದು ಅಲ್ಲೂ ಸಾಧ್ಯವಾಯಿತು. ಆದರೆ ತೂಕವಿಲ್ಲದ ಕಡೆ ಕಾಲೂರಿ ನಿಂತು ಮೇಯಲು ಅವುಗಳಿಗೆ ಆಗಲಿಲ್ಲ.

ಎರಡನೇ ವಾರದಿಂದ ಭತ್ತದ ಹೊಟ್ಟು ಹಾಕಬಹುದು. ಅದಕ್ಕೂ ಮೊದಲು ಹಾಕಿದರೆ ಮರಿಗಳು ಮೇವು ಅಂತ ಅದನ್ನೇ ತಿನ್ನುತ್ತವೆ.

ನೀರು ಕೊಡುವುದರಲ್ಲಿ ತುಂಬ ಎಚ್ಚರ ಬೇಕು. ಬಾಟಲಿ ಮುಚ್ಚಳದಷ್ಟು ಆಳದ ನೀರಲ್ಲೂ ಈ ಮರಿ ಮುಳುಗಿ ಸಾಯುತ್ತದೆ. ತಟ್ಟೆಯ ತುಂಬ ಗೋಲಿಯನ್ನೋ ತೊಳೆದ ಬೆಣಚುಕಲ್ಲನ್ನೋ ಹಾಕಿ, ಸಂದಿಯಲ್ಲಿ ಮಾತ್ರ ನೀರು ಕಾಣಬೇಕು. ಮೊದಲ ದಿನ ನಾಲ್ಕೈದು ಮರಿಗಳ ಕೊಕ್ಕನ್ನು ಮೆಲ್ಲಗೆ ನೀರಿಗೆ ತಾಗಿಸಿ. ಅವು ಕುಡಿದರೆ ಉಳಿದವು ನೋಡಿ ಕಲಿಯುತ್ತವೆ. ನೀರು ಬೆಚ್ಚಗಿರಲಿ. ದಿನಕ್ಕೆ ಎರಡು ಮೂರು ಸಲ ಬದಲಿಸಿ.

ಗೌಜಲಕ್ಕಿ ಮರಿಗೆ ಕೋಳಿಮರಿಗಿಂತ ಜಾಸ್ತಿ ಪ್ರೋಟೀನ್ ಬೇಕು, 24ರಿಂದ 27 ಪರ್ಸೆಂಟ್. ಕ್ವೈಲ್ ಮೇವೇ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಬ್ರಾಯ್ಲರ್ ಪ್ರೀ-ಸ್ಟಾರ್ಟರ್, ಅಂದರೆ ಬ್ರಾಯ್ಲರ್ ಕೋಳಿಮರಿಗೆ ಮೊದಲ ದಿನಗಳಲ್ಲಿ ಹಾಕುವ ಮೇವು ತಂದು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ರವೆಯಷ್ಟು ಸಣ್ಣಗೆ ಮಾಡಿ. ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಸ್ವಲ್ಪ ಬೆರೆಸಿದರೆ ಪ್ರೋಟೀನ್ ಏರುತ್ತದೆ, ಉಳಿದದ್ದನ್ನು ಸಂಜೆಯೊಳಗೆ ತೆಗೆಯಿರಿ. ಬರೀ ಅಕ್ಕಿನುಚ್ಚು, ರಾಗಿ ಹಾಕಿ ಬೆಳೆಸುತ್ತೇವೆ ಅಂದರೆ ಬೆಳೆಯುವುದಿಲ್ಲ. ಮೊಟ್ಟೆ ಇಡುವ ಕೋಳಿಯ ಮೇವೂ ಮರಿಗೆ ಬೇಡ, ಅದರಲ್ಲಿ ಕ್ಯಾಲ್ಸಿಯಂ ಅತಿ ಜಾಸ್ತಿ.

ಇರುವೆ, ಇಲಿ. ಇವೆರಡು ರಾತ್ರಿಯ ಶತ್ರುಗಳು. ಮರಿಗಳನ್ನು ಕಾಲಿರುವ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅದರ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ. ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ಚಿಕ್ಕದಿರಲಿ. ಇಲ್ಲದಿದ್ದರೆ ಇಲಿ ಒಳಗೆ ಬರುತ್ತದೆ, ಮರಿ ಹೊರಗೆ ಹೋಗುತ್ತದೆ.

ಬೆಳೆಯುವ ವಾರಗಳು

ವಾರಕ್ಕೆ ಮೂರು ಡಿಗ್ರಿಯಂತೆ ಬಿಸಿ ಇಳಿಸುತ್ತಾ ಬನ್ನಿ. ಮೂರನೇ ವಾರದ ಕೊನೆಗೆ ಮೈತುಂಬ ಪುಕ್ಕ ಬಂದಿರುತ್ತದೆ. ಆಮೇಲೆ ನಮ್ಮ ಕಡೆಯ ಹವೆಯಲ್ಲಿ ಬಲ್ಬು ಚಳಿಗಾಲದ ರಾತ್ರಿಗೆ ಮಾತ್ರ.

ಇದೇ ಹೊತ್ತಿಗೆ ಗಂಡು ಹೆಣ್ಣು ಗೊತ್ತಾಗುತ್ತದೆ. ಗಂಡಿನ ಎದೆ ಒಂದೇ ಸಮನೆ ಕಂದುಗೆಂಪು. ಹೆಣ್ಣಿನ ಎದೆ ತಿಳಿಬಣ್ಣ, ಮೇಲೆ ಕಪ್ಪು ಚುಕ್ಕೆ. ಬಿಳಿ ತಳಿಯಲ್ಲಿ ಹೀಗೆ ತಿಳಿಯುವುದಿಲ್ಲ. ಅಲ್ಲಿ ಗಂಡು ಬಲಿಯುವವರೆಗೆ ಕಾಯಬೇಕು. ಬಲಿತ ಗಂಡಿನ ಗುದದ ಮೇಲೆ ಒಂದು ಉಬ್ಬು ಇರುತ್ತದೆ, ಒತ್ತಿದರೆ ಬಿಳಿ ನೊರೆ ಬರುತ್ತದೆ. ಗಂಡುಗಳನ್ನು ಬೇರೆ ಮಾಡಿ. ಹೆಚ್ಚು ಗಂಡು ಒಂದೇ ಕಡೆ ಇದ್ದರೆ ಹೆಣ್ಣಿನ ತಲೆ, ಬೆನ್ನು ಕುಕ್ಕಿ ಗಾಯ ಮಾಡುತ್ತವೆ. ಕುಕ್ಕುವುದು ಶುರುವಾದರೆ ಮೊದಲು ಜಾಗ ನೋಡಿ: ಒಂದು ಚದರಡಿಗೆ ಐದು ದೊಡ್ಡ ಹಕ್ಕಿ ಅನ್ನುವುದು ಮಿತಿ, ನಾನು ನಾಲ್ಕೇ ಬಿಡುತ್ತೇನೆ. ಬೆಳಕು ಸ್ವಲ್ಪ ಮಂದ ಮಾಡಿ. ನುಗ್ಗೆಸೊಪ್ಪಿನ ಕಂತೆ ನೇತುಹಾಕಿ, ಅದನ್ನು ಕಿತ್ತು ತಿನ್ನುವುದರಲ್ಲಿ ಹೊತ್ತು ಕಳೆಯುತ್ತವೆ. ಗಾಯವಾದ ಹಕ್ಕಿಯನ್ನು ಕೂಡಲೇ ಬೇರೆ ಇಡಿ. ರಕ್ತ ಕಂಡರೆ ಉಳಿದವು ಬಿಡುವುದಿಲ್ಲ.

ಪಂಜರದ ಎತ್ತರ ಒಂದಡಿ ಮೀರದಿರಲಿ. ಬೆದರಿದರೆ ಈ ಹಕ್ಕಿ ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ಎರಡು ಮೂರಡಿ ಎತ್ತರ ಇದ್ದರೆ ಅಷ್ಟು ವೇಗದಲ್ಲಿ ತಲೆ ಹೊಡೆದುಕೊಂಡು ಸಾಯುತ್ತದೆ. ತಗ್ಗು ಪಂಜರದಲ್ಲಿ ಆ ವೇಗವೇ ಬರುವುದಿಲ್ಲ. ತಳಕ್ಕೆ ಜಾಲರಿ, ಅದರ ಕೆಳಗೆ ಹಿಕ್ಕೆಯ ತಟ್ಟೆ ಇಡಿ. ಒಂದು ಮೂಲೆಯಲ್ಲಿ ಬೂದಿ, ಮರಳು ಬೆರೆಸಿದ ಅಗಲ ಪುಟ್ಟಿ ಇಟ್ಟು ನೋಡಿ, ಅದರಲ್ಲಿ ಹೊರಳಾಡಿ ಮೈ ಕೊಡವಿಕೊಳ್ಳುವಾಗ ಅವುಗಳ ಸಂತೋಷ ನಮಗೂ ಬರುತ್ತದೆ.

ಲಸಿಕೆ ಸಾಮಾನ್ಯವಾಗಿ ಹಾಕಿಸುವುದಿಲ್ಲ. ಹಾಗಂತ ಕಾಯಿಲೆ ಬರುವುದೇ ಇಲ್ಲ ಅಂತ ಮಾರುವವರು ಹೇಳಿದರೆ ನಂಬಬೇಡಿ. ಗುಂಪಲ್ಲಿ ಒಂದು ಹಕ್ಕಿ ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ, ಬಿಳಿ ನೀರಿನಂತೆ ಹಿಕ್ಕೆ ಹಾಕುತ್ತಿದ್ದರೆ ಅದು ಕರುಳಿನ ಹುಣ್ಣಿನ ರೋಗ ಇರಬಹುದು. ಹಿಕ್ಕೆಯಿಂದ ಹಿಕ್ಕೆಗೆ ಬಹಳ ಬೇಗ ಹರಡುತ್ತದೆ. ಆ ಹಕ್ಕಿಯನ್ನು ಬೇರೆ ಮಾಡಿ, ಸತ್ತ ಹಕ್ಕಿ ಇದ್ದರೆ ಕವರಲ್ಲಿ ಕಟ್ಟಿಕೊಂಡು ಅವತ್ತೇ ಪಶು ಆಸ್ಪತ್ರೆಗೆ ಹೋಗಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಔಷಧಿ ಹಾಕಬೇಡಿ.

ಐದು ವಾರಕ್ಕೆ 180, 200 ಗ್ರಾಂ ತೂಗುತ್ತವೆ. ಅಷ್ಟರೊಳಗೆ ಒಂದು ಹಕ್ಕಿ ತಿನ್ನುವ ಮೇವು ಸುಮಾರು ಅರ್ಧ ಕೆಜಿ. ಆರು, ಏಳು ವಾರಕ್ಕೆ ಹೆಣ್ಣು ಮೊಟ್ಟೆಗೆ ಬರುತ್ತದೆ. ಆಗ ಮೇವು ಬದಲಿಸಿ: ಪ್ರೋಟೀನ್ 20 ಪರ್ಸೆಂಟ್ ಸುಮಾರು, ಕ್ಯಾಲ್ಸಿಯಂ 2.5ರಿಂದ 3. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟರೂ ಆಯಿತು. ಹಗಲು ಬೆಳಕಿನ ಜೊತೆ ಬಲ್ಬು ಸೇರಿಸಿ ದಿನಕ್ಕೆ 14ರಿಂದ 16 ಗಂಟೆ ಬೆಳಕು ಕೊಡಿ, ಕಮ್ಮಿಯಾದರೆ ಮೊಟ್ಟೆ ನಿಲ್ಲುತ್ತದೆ. ಕೋಳಿಯ ಹಾಗೆ ಬೆಳಗ್ಗೆ ಮೊಟ್ಟೆ ಹುಡುಕಬೇಡಿ, ಗೌಜಲಕ್ಕಿ ಇಡುವುದು ಹೆಚ್ಚಾಗಿ ಮಧ್ಯಾಹ್ನ ಮೂರರ ನಂತರ. ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಎತ್ತಿಕೊಳ್ಳಿ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250ಕ್ಕೂ ಜಾಸ್ತಿ.

ಹಕ್ಕಿ ಹೆಚ್ಚಾಯಿತು ಅಂತ ಹೊಲಕ್ಕೆ, ಕಾಡಿಗೆ ಬಿಡಬೇಡಿ. ಅವುಗಳಿಗೆ ಅಲ್ಲಿ ಬದುಕಲು ಬರುವುದಿಲ್ಲ, ಬದುಕಿದರೆ ಕಾಡಿನ ಲಾವುಗೆಗಳ (ಕಾಡು ಕ್ವೈಲ್‌ಗಳ) ಜೊತೆ ಬೆರೆಯುವ ಅಪಾಯ ಇದೆ.

ನಿಮ್ಮದೇ ಹಕ್ಕಿಗಳಿಂದ ಮುಂದಿನ ಮರಿ ತೆಗೆಯುವುದಾದರೆ ಒಡಹುಟ್ಟಿದ ಗಂಡು ಹೆಣ್ಣನ್ನು ಜೋಡಿ ಮಾಡಬೇಡಿ. ರಕ್ತ ಹತ್ತಿರವಾದರೆ ಗೌಜಲಕ್ಕಿಯಲ್ಲಿ ಕೋಳಿಗಿಂತ ಬೇಗ ಕೆಡುತ್ತದೆ. ಎರಡು ಮೂರು ತಲೆಮಾರಿಗೇ ಮೊಟ್ಟೆ ಒಡೆಯುವುದು ಇಳಿಯುತ್ತದೆ, ಮರಿ ಸಾಯುವುದು ಏರುತ್ತದೆ. ಹೆಣ್ಣು ನಿಮ್ಮದಿರಲಿ, ಗಂಡನ್ನು ಬೇರೆ ಫಾರಂನಿಂದ ತನ್ನಿ. ತಂದ ಗಂಡನ್ನು ಎರಡು ವಾರ ಬೇರೆ ಪಂಜರದಲ್ಲಿ, ದೂರ ಇಟ್ಟು ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಗಂಡಿರುವ ಪಂಜರಕ್ಕೆ ಹೆಣ್ಣನ್ನು ಬಿಡಿ, ಹೆಣ್ಣಿರುವ ಕಡೆಗೆ ಗಂಡನ್ನು ಬಿಟ್ಟರೆ ಹೊಸಬನನ್ನು ಹೆಣ್ಣುಗಳೇ ಕುಕ್ಕಿ ಓಡಿಸುವುದುಂಟು. ಜೊತೆಯಾಗಿ ಒಂದು ವಾರ ಕಳೆದ ಮೇಲಿನ ಮೊಟ್ಟೆಗಳನ್ನು ಕಾವಿಗೆ ಕೂಡಿಡಲು ಶುರು ಮಾಡಬಹುದು.